ಕೆಂಪು ಅಂಚಿನ ಟವೆಲ್

ನಮ್ಮ ಬೆಳಗಿನ ರೈಲಿನಲ್ಲಿ ಟವೆಲ್ ಇಲ್ಲದೆ ಟ್ರಾವೆಲ್ ಇಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ‘ಎಕ್ಸ್‌ಕ್ಯೂಸ್ ಮಿ’ಯನ್ನು ನಂಬಿ ನಾನು ಚನ್ನಪಟ್ಟಣದವರೆಗೂ ನಿಂತು ಹೋದದ್ದುಂಟು. ಸೀಟಿನ ಮೇಲೆ ಟವೆಲ್ ಬಿತ್ತೆಂದರೆ ಮುಗಿಯಿತು, ಆ ಸೀಟಿಗೆ ಆಳು ಇದ್ದಾರೆ ಎಂದರ್ಥ. ಹಾಕಿದವರೇ ಅದನ್ನು ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ.

ನಮ್ಮ ಬೋಗಿಯ ಕಿಟಕಿ ಪಕ್ಕದ ಕೆಂಪು ಅಂಚಿನ ಟವೆಲ್ ಆಟೋ ಮಹದೇವಯ್ಯನವರದು. ಸೀಟು ಮಾತ್ರ ಅವರಿಗಲ್ಲ, ಹೆಂಡತಿ ಭಾಗ್ಯಮ್ಮನಿಗೆ. ಆಕೆ ಮಂಡ್ಯದ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ನಿಲ್ಲಲಾಗದಷ್ಟು ಮಂಡಿನೋವು. “ಮಂಡಿ ಮೊಹಲ್ಲಾದಲ್ಲಿ ಹುಟ್ಟಿದ್ಮೇಲೆ ಇನ್ನೇನು ನೋವು ಬಂದಾತು ಸಾರ್?” ಎಂದು ತಾವೇ ನಗುತ್ತಿದ್ದರು.

ರೈಲು ಹೊರಡುವುದು ಮೈಸೂರಿನ ಅಶೋಕಪುರಂನಿಂದ. ಅಲ್ಲಿನ ಮೆಟ್ಟಿಲು ಹತ್ತಿಳಿಯುವುದು ಆಕೆಗೆ ಆಗದು. ಮುಂದಿನ ಪುಟ್ಟ ಸ್ಟೇಷನ್ ಚಾಮರಾಜಪುರಂಗೆ ರಸ್ತೆಯಿಂದಲೇ ನಡೆದು ಬರಬಹುದು, ಆದರೆ ರೈಲು ಅಲ್ಲಿಗೆ ಬರುವಷ್ಟರಲ್ಲಿ ಸೀಟುಗಳು ಭರ್ತಿ. ಹಾಗಾಗಿ ಮಹದೇವಯ್ಯ ಆಕೆಯನ್ನು ಚಾಮರಾಜಪುರಂನ ಬೆಂಚಿನ ಮೇಲೆ ಕೂರಿಸಿ, ಆಟೋವನ್ನು ಅಲ್ಲೇ ಸ್ಟ್ಯಾಂಡಿನಲ್ಲಿ ಬಿಟ್ಟು, ಸಿಟಿ ಬಸ್ಸಿನಲ್ಲಿ ಅಶೋಕಪುರಂಗೆ ಹೋಗಿ, ಟವೆಲ್ ಹಾಸಿಕೊಂಡು ಒಂದೇ ಒಂದು ಸ್ಟೇಷನ್ ಬರುತ್ತಿದ್ದರು. ಆಕೆ ಕೂತ ಮೇಲೆ ಟವೆಲ್ ಹೆಗಲಿಗೆ, ಇವರು ಪ್ಲಾಟ್‌ಫಾರಂಗೆ.

“ನೀವೂ ಬನ್ನಿ ಒಂದಿನ, ನಾನು ಕೆಲ್ಸ ಮಾಡೋ ಜಾಗ ನೋಡೀರಂತೆ,” ಎನ್ನುತ್ತಿದ್ದರು ಭಾಗ್ಯಮ್ಮ.

“ಬೆಳಗಿನ ಬಾಡಿಗೆ ತಪ್ಪೋಯ್ತದೆ ಕಣಮ್ಮಿ. ನೀನು ಕೆಲ್ಸ ಬುಟ್ಮೇಲೆ ಇಬ್ರೂ ಕೂತ್ಕೊಂಡೇ ಹೋಗವ.”

“ಕೆಲ್ಸ ಬುಟ್ಮೇಲೆ ಅಲ್ಲಿ ಏನ್ ನೋಡೀರಿ, ತಣ್ಣಗಿರೋ ಒಲೆನಾ?”

ಸಂಕ್ರಾಂತಿ ಕಳೆದ ಮೇಲೆ ಭಾಗ್ಯಮ್ಮ ಬರಲಿಲ್ಲ. ಮೊದಲು ಜ್ವರ ಎಂದರು. ಆಮೇಲೆ ತೀರಿಕೊಂಡರು ಎಂದು ಆಟೋ ಸ್ಟ್ಯಾಂಡಿನವರು ಕಿಟಕಿಗೆ ಬಂದು ಹೇಳಿದರು.

ತಿಥಿ ಮುಗಿದ ಮೇಲೆ ಒಂದು ಬೆಳಗ್ಗೆ ಮಹದೇವಯ್ಯ ಅಶೋಕಪುರಂನಲ್ಲಿ ಹತ್ತಿದರು. ತಲೆ ಬೋಳಿಸಿಕೊಂಡಿದ್ದರು. ಕಿಟಕಿ ಪಕ್ಕ ಟವೆಲ್ ಹಾಸಿ ಎದುರಿಗೆ ನಿಂತರು.

ಚಾಮರಾಜಪುರಂ ಬಂತು. ಬೆಂಚಿನ ಮೇಲೆ ಯಾರೋ ಹುಡುಗಿಯರು ಮೊಬೈಲು ನೋಡುತ್ತ ಕೂತಿದ್ದರು. ಮಹದೇವಯ್ಯ ಬಗ್ಗಿ ಟವೆಲ್ಲಿನ ತುದಿ ಹಿಡಿದರು, ಹಾಗೇ ಬಿಟ್ಟರು. ರೈಲು ಹೊರಟಿತು.

“ಮಹದೇವಯ್ಯನವರೇ, ಇಳೀಲಿಲ್ವಲ್ಲ. ಬಾಡಿಗೆ?” ಎಂದೆ.

“ಹೋಗ್ಲಿ ಬುಡಿ ಸಾರ್. ಒಂದಿನ ಬತ್ತೀನಿ ಅಂದಿದ್ದೆ.”

ಮೈಸೂರು ಜಂಕ್ಷನ್ನಿನಲ್ಲಿ ಜನ ನುಗ್ಗಿದರು. “ನೀವಾದ್ರೂ ಕೂತ್ಕೊಳ್ಳಿ,” ಎಂದು ನಾನು ಹೇಳಿ ನೋಡಿದೆ. ಅವರು ತಲೆ ಅಲ್ಲಾಡಿಸಿದರು. ಖಾಲಿ ಸೀಟಿನ ಮುಂದೆಯೇ ಕಂಬಿ ಹಿಡಿದು ಮಂಡ್ಯದವರೆಗೂ ನಿಂತರು.

ಮಂಡ್ಯ ಹತ್ತಿರವಾದಾಗ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: “ಸಾರ್, ಅವ್ಳು ಯಾವ ಕಡೆ ಬಾಗ್ಲಲ್ಲಿ ಇಳೀತಿದ್ಲು? ಹತ್ಸಿದ್ದೊಂದೇ ನಂಗೊತ್ತು. ಇಳಿಯೋದು ಒಂದಿನಾನೂ ನೋಡ್ಲಿಲ್ಲ.”

ನಾನು ಎಡಗಡೆಯ ಬಾಗಿಲು ತೋರಿಸಿದೆ. ಅವರು ಚೌಕಟ್ಟು ಹಿಡಿದು, ಮಂಡಿನೋವಿದ್ದವರ ಹಾಗೆ ಒಂದೊಂದೇ ಕಾಲಿಟ್ಟು ಇಳಿದು ಜನರ ನಡುವೆ ಮರೆಯಾದರು. ಟವೆಲ್ ಇಲ್ಲೇ ಉಳಿಯಿತು.

ಮಂಡ್ಯದಲ್ಲಿ ಹತ್ತಿದ ಒಬ್ಬ ಯುವಕ ಸೀಟಿಗೆ ಕೈಯಿಟ್ಟು ಕೇಳಿದ: “ಆಳಿದಾರಾ ಸಾರ್?”

“ಇದಾರೆ,” ಎಂದೆ.