ಕಾಕುವಿಗೆ ಹೇಳದ ಸುದ್ದಿ

ನಿನ್ನೆ ತಮ್ಮನ ಸೊಸೆ ಎಳ್ಳು ಹುರಿದು ಬೆಲ್ಲದೊಡನೆ ಕುಟ್ಟುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಣ್ಣೂರಿನ ನಮ್ಮ ಬಾಜೂ ಮನೆಯ ಕಾಕು ಕಣ್ಣೆದುರು ಬಂದು ನಿಂತಳು. ಅವಳು ಸತ್ತು ಎಷ್ಟೋ ವರ್ಷವಾಯಿತು. ನನ್ನ ಹೊಟ್ಟೆಯ ಉರಿ ಇನ್ನೂ ಆರಿಲ್ಲ.

ನನಗೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು. ಮೈನೆರೆದ ಮೇಲೆ ಮಸಗುಪ್ಪಿಯ ಗಂಡನ ಮನೆಗೆ ಕಳಿಸುವುದೆಂದು ಮಾತಾಗಿತ್ತು. ಅಷ್ಟರೊಳಗೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಬೇಕೆಂಬುದು ನನ್ನ ಹಟ. ಪರೀಕ್ಷೆ ಹತ್ತಿರ ಬಂದಾಗಲೇ ಮೈನೆರೆದೆ. ಅವ್ವ ಯಾರಿಗೂ ಹೇಳದೆ ನನ್ನ ಬಟ್ಟೆಯನ್ನು ತಾನೇ ಹೊಳೆಗೆ ಒಯ್ದು ಒಗೆದಳು. ಅವ್ವ ಆಗ ಬಸುರಿ... ಪಕ್ಕದ ಕಲ್ಲಿನಲ್ಲಿ ಒಗೆಯುತ್ತಿದ್ದ ಕಾಕುವಿಗೆ ಆ ಬಟ್ಟೆ ಯಾರದೆಂದು ಹೊಳೆಯಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಎಳ್ಳುಂಡೆ ಕಟ್ಟಿ ಓಣಿಗೆಲ್ಲ ಹಂಚಲು ಹೊರಟಳು. ಪರೀಕ್ಷೆ ಮುಗಿಯುವ ತನಕ ಯಾರಿಗೂ ಹೇಳಬೇಡವೆಂದು ಅವ್ವ ಕೈ ಮುಗಿದಳು.

"ಇಂಥಾ ಚಲೋ ಸುದ್ದಿ ಯಾರರ ಮುಚ್ಚಿಡ್ತಾರೇನ?" ಎಂದು ಕಾಕು ನಕ್ಕಳು.

ನನ್ನನ್ನು ಮಣೆಯ ಮೇಲೆ ಕೂಡಿಸಿ ಆರತಿ ಎತ್ತಿದರು, ಪರೀಕ್ಷೆಗೆ ಮೊದಲೇ ಮಸಗುಪ್ಪಿಯ ಗಾಡಿ ಹತ್ತಿಸಿದರು. ನೆರೆಯುವುದೆಂದರೆ ತುಂಬಿ ಬರುವುದು, ಪೂರ್ತಿಯಾಗುವುದು ಎಂದು ಮಾಸ್ತರರು ಪದ್ಯಕ್ಕೆ ಅರ್ಥ ಹೇಳಿದ್ದರು. ಹಿರಿಯರು ಹುಡುಗಿಯ ಮೈಗೆ ಇಟ್ಟ ಮಾತು ಎಷ್ಟು ಚೆಂದ. ಅದನ್ನು ಕಟ್ಟಿಕೊಂಡು ಅವರು ಮಾಡಿದ್ದು ಮಾತ್ರ ಇದು.

ಗಂಡ ಬೇಗ ತೀರಿಕೊಂಡ. ಹರೆಯದಲ್ಲೇ ತವರಿಗೆ ಮರಳಿದೆ. ಕಾಕುವಿನ ಮೊಮ್ಮಗಳು, ತಾಯಿಯಿಲ್ಲದ ಕೂಸು, ನನ್ನ ಹತ್ತಿರ ಓದಲು ಬರುತ್ತಿದ್ದಳು. ಕಲ್ಲೋಳಿಯಲ್ಲಿ ಗಂಡು ಗೊತ್ತು ಮಾಡಿ, ಹುಡುಗಿ ದೊಡ್ಡವಳಾಗಲೆಂದು ಕಾಕು ಕಾಯುತ್ತಿದ್ದಳು. ಮುಲ್ಕಿಯ ವರ್ಷದಲ್ಲೇ ಒಂದು ಮಧ್ಯಾಹ್ನ ಹುಡುಗಿ ಅಳುತ್ತ ಬಂದಳು. ನೋಡಿದೆ, ತಿಳಿಯಿತು. ಸಿಕ್ಕೆಯಲ್ಲ ಮುದುಕಿ, ಅಂದುಕೊಂಡೆ.

ಅವಳ ಬಟ್ಟೆಯನ್ನು ನನ್ನದರೊಡನೆ ಸೇರಿಸಿ, ಅದೇ ಹೊಳೆಯಲ್ಲಿ, ಕಾಕುವಿನ ಕಣ್ಣೆದುರಿಗೇ ಒಗೆದೆ. ಹುಡುಗಿ ಇನ್ನೂ ನೆರೆಯಲಿಲ್ಲವೆಂದು ಅವಳು ನನ್ನ ಮುಂದೆಯೇ ಕೊರಗುತ್ತಿದ್ದಳು. ಇನ್ನೂ ಕೂಸದು, ಏನವಸರ ಎಂದು ಸಮಾಧಾನ ಹೇಳುತ್ತಿದ್ದೆ. ಎಂಥ ಸುಖವಾಗುತ್ತಿತ್ತು ಅಂತೀರಿ... ಕಾದು ಬೇಸತ್ತ ಕಲ್ಲೋಳಿಯವರು ಬೇರೆ ಹೆಣ್ಣು ತಂದರು. ಹುಡುಗಿ ಪಾಸಾದಳು.

ಆ ದಿನ ಕಾಕುವಿನ ಮನೆಗೆ ಹೋಗಿ ಕೂತೆ.

"ನಿಮ್ಮ ಮೊಮ್ಮಗಳು ನೆರೆದು ಭಾಳ ದಿನಾತ್ರಿ ಕಾಕು. ನಾನ ಮುಚ್ಚಿಟ್ಟೇನಿ. ನಮ್ಮವ್ವ ಕೈ ಮುಗದಿದ್ಲು, ನೆನಪೈತೇನ್ರಿ?"

ಅವಳ ಮುಖ ಬಿಳಿಚಿಕೊಂಡಿತು. ಅದನ್ನು ಕಣ್ತುಂಬ ನೋಡಿ ಎದ್ದು ಬಂದೆ.

ಹುಡುಗಿ ಈಗ ಹುಕ್ಕೇರಿಯಲ್ಲಿ ಅಕ್ಕೋರು. ರಜೆಗೆ ಬಂದಾಗ ನನ್ನ ಕಾಲಿಗೆ ಬೀಳುತ್ತಾಳೆ, ಗೆದ್ದೆ ಅನಿಸುತ್ತದೆ. ಆದರೆ ಪಡಸಾಲೆಯಲ್ಲಿ ಕೂತು ಅವಳು ಮಕ್ಕಳ ಉತ್ತರ ತಿದ್ದತೊಡಗಿದರೆ ನಾನು ಅಲ್ಲಿ ನಿಲ್ಲಲಾರೆ, ಅಡಿಗೆಮನೆಗೆ ಹೋಗುತ್ತೇನೆ. ಆ ಕೆಲಸ ನನ್ನದಾಗಬೇಕಿತ್ತು.