ಒಸಡಿನ ಉಷ್ಣಕ್ಕೆ ಬೆಲ್ಲದ ನೀರು

ಎರಡು ಕೈ ಸಾಲದ ಕೆಲಸಕ್ಕೆಂದೇ ದೇವರು ನನಗೆ ಹಲ್ಲು ಕೊಟ್ಟಿದ್ದಾನೆ ಎಂದು ನಲವತ್ತೆಂಟನೇ ವಯಸ್ಸಿನವರೆಗೂ ನಂಬಿದ್ದೆ. ಏಣಿಯ ಮೇಲೆ ನಿಂತು ಕೆಂಪುಕಲ್ಲಿನ ಸಾಲು ನೇರ ಮಾಡುವಾಗ ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಕರಣೆ, ನೂಲಿನ ತುದಿ ಹಲ್ಲಿನಲ್ಲಿ. ಮಡಂತ್ಯಾರಿನಿಂದ ಮೂಡುಬಿದಿರೆಯವರೆಗೆ ನಾನು ಕಟ್ಟಿದ ಗೋಡೆಗಳೆಲ್ಲ ಹಾಗೆಯೇ ನೇರವಾದವು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಗೋಡೆಯಲ್ಲಿ ತಪ್ಪು ಹುಡುಕಲು ಬಂದ ಇಂಜಿನಿಯರುಗಳು ಚಾ ಕುಡಿದು ವಾಪಸು ಹೋಗಿದ್ದಾರೆ. ಅಂಥವನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವುದುಂಟೇ?

ಮೊದಲು ಬ್ರಶ್ಶಿನಲ್ಲಿ ರಕ್ತ ಕಂಡಿತು. ನಾನು ಬುದ್ಧಿವಂತ, ಆ ಬದಿಯನ್ನು ಉಜ್ಜುವುದನ್ನೇ ಬಿಟ್ಟೆ. ಉಜ್ಜದಿದ್ದರೆ ರಕ್ತವಿಲ್ಲ, ರೋಗ ಗುಣವಾಯಿತು. ಗುಣವಾದ ಬಾಯಿ ಮೆಲ್ಲಗೆ ನಾರತೊಡಗಿತು. ಒಸಡು ಊದಿತು, ಮುಂದಿನ ಮೂರು ಹಲ್ಲು ಅಲುಗತೊಡಗಿದವು. ಎಷ್ಟು ಕುಡಿದರೂ ಬಾಯಿ ಒಣಗುತ್ತಿತ್ತು, ಗಂಟೆಗೊಮ್ಮೆ ಏಣಿ ಇಳಿದು ಮರೆಗೆ ಹೋಗಬೇಕಿತ್ತು. ಕಲ್ಲು ತಾಗಿದ ಕಾಲಿನ ಗಾಯ ತಿಂಗಳಾದರೂ ಮಾಗಲಿಲ್ಲ. ಇವೆಲ್ಲ ಒಂದೇ ಮನೆಯವು ಎಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ ಮಾತು: ಉಷ್ಣ.

ನಮ್ಮಲ್ಲಿ ಉಷ್ಣ ಎಂದ ಮೇಲೆ ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕಣ್ಣು ಕೆಂಪಾದರೆ ಉಷ್ಣ, ಬೆನ್ನು ಹಿಡಿದರೆ ಉಷ್ಣ, ಹೆಂಡತಿಯೊಡನೆ ಜಗಳವಾದರೂ ಉಷ್ಣವೇ. ಬಸ್ಸು ಕಾಯುತ್ತ ನಿಂತವರೆಲ್ಲ ಅದರಲ್ಲಿ ತಜ್ಞರು. ಬಿಸಿಲಿನಿಂದ ಬಂದವರಿಗೆ ಬೆಲ್ಲ, ನೀರು ಕೊಡದ ಮನೆಯೂ ನಮ್ಮ ಕಡೆ ಇಲ್ಲ. ಆಗ ನಾನು ಕೆಲಸ ಮಾಡುತ್ತಿದ್ದ ಪುಂಜಾಲಕಟ್ಟೆಯ ಮನೆಯ ಯಜಮಾನ್ತಿ ಬಹಳ ಒಳ್ಳೆಯವರು. ನನ್ನ ಉಷ್ಣದ ಸುದ್ದಿ ಕೇಳಿ, ಚೊಂಬು ತುಂಬ ಬೆಲ್ಲ ಕದಡಿ, ಕಾಮಕಸ್ತೂರಿ ಬೀಜ ಹಾಕಿ, ದಿನಕ್ಕೆ ಮೂರು ಸಲ ಕೊಟ್ಟರು. ಕುಡಿದಷ್ಟೂ ಬಾಯಾರಿತು, ಬಾಯಾರಿದಷ್ಟೂ ಕುಡಿದೆ. ಉಷ್ಣ ತುಂಬ ಆಳದ್ದು ಎಂದು ಎಲ್ಲರೂ ತಲೆದೂಗಿದರು.

ಒಂದು ಮಧ್ಯಾಹ್ನ ನೂಲನ್ನು ಬಿಗಿಯಾಗಿ ಕಚ್ಚಿ ಎಳೆದೆ. ನೂಲಿನ ಜೊತೆ ಒಂದು ಹಲ್ಲೂ ಬಂತು. ನೋವೇ ಆಗಲಿಲ್ಲ, ಅದಕ್ಕೇ ಹೆದರಿದೆ. ಮನೆಯಲ್ಲಿ ಹೆಂಡತಿ ಹಲ್ಲನ್ನೂ ನನ್ನನ್ನೂ ನೋಡಿ, "ಉಳಿದ ಎರಡನ್ನೂ ಆ ಗೋಡೆಗೆ ಹಾಕಿ ಬರುವ ಮೊದಲು ಡಾಕ್ಟರಿಗೆ ತೋರಿಸುವ" ಎಂದಳು.

ಮಡಂತ್ಯಾರಿನ ಹಲ್ಲಿನ ಡಾಕ್ಟರು ನನ್ನ ಮಗಳ ಪ್ರಾಯದವರು. ಬಾಯಿ ನೋಡಿದವರು ಬಾಯಾರಿಕೆಯ ಬಗ್ಗೆ ಕೇಳಿದರು, ಮೂತ್ರದ ಬಗ್ಗೆ ಕೇಳಿದರು, ಕೊನೆಗೆ ಕಾಲಿನ ಗಾಯದ ಪಟ್ಟಿಯನ್ನೂ ಬಿಚ್ಚಿಸಿದರು. ಕಲಿತವರಿಗೆ ಬಾಯಿ ಎಲ್ಲಿ, ಕಾಲು ಎಲ್ಲಿ ಎಂದೂ ಗೊತ್ತಿಲ್ಲವೆಂದು ಒಳಗೊಳಗೇ ನಕ್ಕೆ.

"ಹಲ್ಲು ಆಮೇಲೆ ಅಣ್ಣ. ಮೊದಲು ಶುಗರ್ ಟೆಸ್ಟ್ ಮಾಡಿಸಿ ಬನ್ನಿ."

"ನಮ್ಮ ಕುಟುಂಬದಲ್ಲಿ ಯಾರಿಗೂ ಶುಗರ್ ಇಲ್ಲ ಡಾಕ್ಟ್ರೇ."

"ಯಾರಾದ್ರೂ ಟೆಸ್ಟ್ ಮಾಡಿಸಿದ್ದಾರಾ?"

ನಾನು ತಲೆ ಎತ್ತಿ ಮಾಡು ನೋಡಿದೆ. ಸಿಮೆಂಟಿನ ಸಾರಣೆ ನೇರವಿರಲಿಲ್ಲ. ಹೇಳುವ ಸಮಯ ಅದಾಗಿರಲಿಲ್ಲ.

ಲ್ಯಾಬಿನವನು ಚೀಟಿಯಲ್ಲಿ ಬಂದ ಶುಗರಿನ ಅಂಕಿ ನೋಡಿ, ನಡೆದುಕೊಂಡೇ ಬಂದಿರಾ ಎಂದು ಕೇಳಿದ. ಬಂಟ್ವಾಳದ ಡಾಕ್ಟರು ಮಾತ್ರೆ ಬರೆದು, ಬೆಲ್ಲವೂ ಸಕ್ಕರೆಯ ಅಣ್ಣನೇ ಎಂದು ಗದರಿಸಿದರು. ಹಲ್ಲಿನ ಡಾಕ್ಟರು ಮೂರು ಸಲ ಕೂರಿಸಿ ಒಸಡು ಸ್ವಚ್ಛ ಮಾಡಿದರು. ಶುಗರ್ ಇಳಿದರೆ ಉಳಿದ ಎರಡು ಹಲ್ಲು ನಿಲ್ಲಬಹುದು, ಇಳಿಯದಿದ್ದರೆ ತಾನು ಎಷ್ಟು ಕೆರೆದರೂ ನಿಲ್ಲುವುದಿಲ್ಲ ಎಂದರು. ಮೂರು ತಿಂಗಳು ಬಿಟ್ಟು ಬರಲು ಹೇಳಿದರು.

ಮಾತ್ರೆ ನುಂಗುವುದು ಸುಲಭ. ಒಳ್ಳೆಯವರ ಚೊಂಬನ್ನು ಬೇಡವೆನ್ನುವುದೇ ಕಷ್ಟ. ಯಜಮಾನ್ತಿಗೆ ನಾನು ಏನೋ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ ಎಂದು ಬೇಸರ. ಬಸ್ ಸ್ಟ್ಯಾಂಡಿನ ತಜ್ಞರಿಗೆ, ಇಂಗ್ಲಿಷ್ ಮದ್ದಿನಿಂದ ನನಗೆ ಇನ್ನಷ್ಟು ಉಷ್ಣವಾಗುತ್ತದೆಂಬ ಚಿಂತೆ. ಆ ಕಾಲಿನ ಗಾಯ ಮಾತ್ರ ಯಾರನ್ನೂ ಕೇಳದೆ ಮಾಗಿತು.

ಮೂರು ತಿಂಗಳಿಗೆ ಡಾಕ್ಟರು ಕಬ್ಬಿಣದ ಕಡ್ಡಿಯಿಂದ ಒಂದೊಂದೇ ಹಲ್ಲನ್ನು ತಟ್ಟಿ, ಅಲುಗಿಸಿ ನೋಡಿದರು.

"ಒಂದು ನಿಂತಿತು ಅಣ್ಣ. ಇನ್ನೊಂದು ಇನ್ನೂ ಯೋಚನೆ ಮಾಡ್ತಾ ಉಂಟು."

ಯೋಚನೆ ಮಾಡಲಿ, ನನಗೇನೂ ಅವಸರವಿಲ್ಲ. ಮೆತ್ತಗಿನ ಬ್ರಶ್ಶು ಹಿಡಿದು ದಿನಕ್ಕೆ ಎರಡು ಹೊತ್ತು, ಮನೆಗೆ ಬಂದ ಹೊಸ ಅಳಿಯನನ್ನು ಉಪಚರಿಸುವಂತೆ ಅದನ್ನು ಉಪಚರಿಸುತ್ತಿದ್ದೇನೆ.