ಶುಕ್ರವಾರ ಆರು ಗಂಟೆಯ ಸರದಿ

ಹಿಲ್ಕಾ ಹೆಲ್ಸಿಂಕಿಯಲ್ಲಿ ಟ್ರಾಮ್ ಓಡಿಸಿ ನಿವೃತ್ತಳಾದವಳು. ನಗರಸಭೆಯ ಬಾಡಿಗೆ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾಳೆ. ಒಂದು ದಿನವೂ ಇನ್ನೊಬ್ಬರ ಸರದಿಗೆ ಕೈ ಹಾಕಿದವಳಲ್ಲ. ನೆಲಮಾಳಿಗೆಯಲ್ಲಿರುವ ಹಬೆಯ ಬಚ್ಚಲು, ಸೌನಾ, ಶುಕ್ರವಾರ ಆರರಿಂದ ಏಳರವರೆಗೆ ಅವಳದು. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೆಸರಿತ್ತು.

ಈ ಚಳಿಗಾಲ ನಗರಸಭೆಯವರು ಕೊಳವೆ ಬದಲಿಸುತ್ತೇವೆಂದು ಮನೆಗಳ ನೀರು ನಿಲ್ಲಿಸಿದರು. ಸ್ನಾನಕ್ಕೆ ಸೌನಾ ಒಂದೇ ಗತಿ. ಅದೇ ವಾರ ಹಾಳೆಯನ್ನು ಕಿತ್ತೆಸೆದು, ಇನ್ನು ಸರದಿಯೆಲ್ಲ ಮೊಬೈಲಿನಲ್ಲಿ ಅಂದರು. ಎಂಥ ಘನಂದಾರಿ ಬುದ್ಧಿ! ಹಿಲ್ಕಾಳ ಫೋನಿನಲ್ಲಿ ಮಾತಾಡಬಹುದು, ಅಷ್ಟೇ. ಕಚೇರಿಗೆ ಫೋನ್ ಮಾಡಿದರೆ ಯಂತ್ರದ ದನಿಯೊಂದು "ನಿವಾಸಿಗಳ ಘನತೆಯೇ ನಮ್ಮ ಕಾಳಜಿ" ಎನ್ನುತ್ತಾ ಜೀವ ತಿಂದಿತು.

ನಾಳೆ ತಂಗಿ ಔನೆಯ ಅಂತ್ಯಕ್ರಿಯೆ. ಆರು ದಿನದಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡವಳು ಹಾಗೇ ಹೋಗಿ ತಂಗಿಯ ಶವಪೆಟ್ಟಿಗೆಯ ಮುಂದೆ ನಿಲ್ಲುವುದೇ? ಶುಕ್ರವಾರ ಟವೆಲ್ ಹಿಡಿದು ಆರಕ್ಕೆ ಇಳಿದಳು. ಬಾಗಿಲ ಮೇಲೆ ಕೆಂಪು ದೀಪ: ಕಾಯ್ದಿರಿಸಲಾಗಿದೆ. ಯಾರಿಗೆಂದು ಇಲ್ಲ. ಹೊರಗೆ ಚಪ್ಪಲಿಯೂ ಇಲ್ಲ, ಒಳಗೆ ಸದ್ದೂ ಇಲ್ಲ. ಹಿಲ್ಕಾ ಬೆಂಚಿನ ಮೇಲೆ ಕೂತಳು. ಕಾಲು ಗಂಟೆ, ಅರ್ಧ ಗಂಟೆ. ಒಮ್ಮೆ ಹಿಡಿಕೆಗೆ ಕೈ ಹೋಯಿತು, ಹಿಂದಕ್ಕೆ ಬಂತು. ಇನ್ನೊಬ್ಬರ ಸರದಿಯಲ್ಲಿ ನುಗ್ಗುವಷ್ಟು ಮಾನಗೆಟ್ಟಿಲ್ಲ ಅವಳು.

ಏಳಕ್ಕೆ ಎರಡನೇ ಮಹಡಿಯ ತಾರು ಬಂದಳು.

"ಇದೇನು, ಹೊರಗೆ ಕೂತಿದ್ದೀರಾ?"

"ಯಾರೋ ಕಾಯ್ದಿರಿಸಿ ಬರಲೇ ಇಲ್ಲ, ದರಿದ್ರದವರು!"

ತಾರು ಮೊಬೈಲ್ ನೋಡಿದಳು. "ಹತ್ತೊಂಬತ್ತನೇ ಮನೆ. ನೀವೇ ಅಲ್ವಾ? ಹಳೇ ಸರದಿಯನ್ನೆಲ್ಲಾ ಅವರೇ ಇದಕ್ಕೆ ಹಾಕಿದ್ದಾರೆ."

"ಹಾಳಾಗ್ ಹೋಗ್ಲಿ! ಬಾಯಿ ಬಿಟ್ಟು ಹೇಳೋಕೇನಾಗಿತ್ತು?" ಹಿಲ್ಕಾ ಎದ್ದಳು. ಆದರೂ ಹೊರಟಿದ್ದು ಮೆಟ್ಟಿಲ ಕಡೆಗೆ. "ಏಳಾಯ್ತು. ಈಗ ನಿನ್ನ ಸರದಿ."

"ಅಯ್ಯೋ, ಸಾಕು ಮಾಡಿ! ನಾಳೆ ಅಂತ್ಯಕ್ರಿಯೆ ಇಟ್ಕೊಂಡು ಇದೆಂಥ ಹಟ? ನಡೀರಿ ಒಳಗೆ."

ತಾರು ಟವೆಲ್ ಕಿತ್ತುಕೊಂಡ ಮೇಲೆ ಬೇರೆ ದಾರಿಯಿರಲಿಲ್ಲ. ಹಬೆಯಲ್ಲಿ ತಾರುವಿನ ಪಕ್ಕ ಕೂತು ಹಿಲ್ಕಾ ನಗರಸಭೆಯ ಜನ್ಮ ಜಾಲಾಡಿದಳು. ಬೈದು ಬೈದು ಸುಸ್ತಾಗಿ, ಬೆನ್ನಿಗೆ ಸೋಪು ಹಚ್ಚಿಕೊಳ್ಳಲು ತಿಣುಕಾಡಿದಳು.

"ಕೈ ಎಟುಕ್ತಿಲ್ವಲ್ಲ. ಬೆನ್ನು ಯಾರು ಉಜ್ತಿದ್ರು?"

"ಔನೆ. ಶುಕ್ರವಾರ ಶುಕ್ರವಾರ ಬರ್ತಿದ್ಲು."

ತಾರು ನಾರು ತೆಗೆದುಕೊಂಡು ಮೆಲ್ಲಗೆ ಉಜ್ಜತೊಡಗಿದಳು.

"ಇನ್ನೂ ಗಟ್ಟಿಯಾಗಿ," ಅಂದಳು ಹಿಲ್ಕಾ, ಗೋಡೆಯ ಕಡೆ ಮುಖ ಮಾಡಿ. "ಅವಳು ಗಟ್ಟಿಯಾಗಿ ಉಜ್ತಿದ್ಲು."